ಹೊಸ ಹೆಡ್ ಹಾಕುವ ಮುಂಚೆ ಬೋರ್ಡ್ ನೋಡಿ: ವಿನೈಲ್, ಫ್ಲೆಕ್ಸ್ ಪ್ರಿಂಟರ್ ಬೋರ್ಡ್ ರಿಪೇರಿ ಮಾಡುವುದು ಹೇಗೆ

ಪ್ರಿಂಟ್ ಅರ್ಧಕ್ಕೆ ಬಂದಿರುತ್ತದೆ. ಇದ್ದಕ್ಕಿದ್ದಂತೆ ಒಂದು ಬಣ್ಣ ಪೂರ್ತಿ ನಿಂತುಹೋಗುತ್ತದೆ. ಹೆಡ್ (ಇಂಕ್ ಚಿಮ್ಮುವ ಭಾಗ) ಹೋಯಿತು ಅಂತ ಯಾರೋ ಹೇಳುತ್ತಾರೆ. ಸಾಲ ಮಾಡಿಯಾದರೂ ಹೊಸ ಹೆಡ್ ತಂದು ಹಾಕಿ ಆನ್ ಮಾಡಿದರೆ, ಅದೂ ಕೆಲಸ ಮಾಡುವುದಿಲ್ಲ. ಬೆಂಗಳೂರಿನ ಸಣ್ಣ ಪ್ರಿಂಟಿಂಗ್ ಅಂಗಡಿಗಳಲ್ಲಿ ಈ ನಷ್ಟ ಪದೇ ಪದೇ ಆಗುತ್ತಿದೆ. ಇದನ್ನು ತಪ್ಪಿಸಬಹುದು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಹೆಡ್ ಓಡಿಸುವ ಎಲೆಕ್ಟ್ರಾನಿಕ್ ಬೋರ್ಡ್‌ನಲ್ಲಿ ಟ್ರಾನ್ಸಿಸ್ಟರ್ (ಕರೆಂಟನ್ನು ಹಿಡಿತದಲ್ಲಿಡುವ ಬಿಡಿಭಾಗ) ಶಾರ್ಟ್ ಆಗಿ ತಡೆಯಿಲ್ಲದೆ ಕರೆಂಟ್ ಬಿಡುತ್ತಿದ್ದರೆ ಅದು ಒಳ್ಳೆಯ ಹೆಡ್ಡನ್ನು ಸುಡುತ್ತದೆ. ಹೆಡ್ ಒಳಗೆ ಶಾರ್ಟ್ ಆಗಿದ್ದರೆ ಅದು ಒಳ್ಳೆಯ ಬೋರ್ಡನ್ನು ಸುಡುತ್ತದೆ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿ ಚೆಕ್ ಮಾಡುವ ತನಕ ಒಂದಕ್ಕೊಂದು ಜೋಡಿಸಬೇಡಿ. ಪಕ್ಕದ ಮೆಷಿನ್‌ನಿಂದ ಹೆಡ್ ಬಿಚ್ಚಿ "ಸುಮ್ನೆ ಒಂದ್ಸಲ ಹಾಕಿ ನೋಡೋಣ" ಅನ್ನುವುದಂತೂ ಬೇಡವೇ ಬೇಡ. ಒಂದು ಮೆಷಿನ್ ತೊಂದರೆ ಎರಡು ಮೆಷಿನ್‌ಗೆ ಹರಡುವುದು ಹೀಗೇ.

ಇಲ್ಲಿ ಹೇಳುವುದು ಮುಖ್ಯವಾಗಿ ಎಪ್ಸನ್ ಮಾದರಿ ಹೆಡ್ ಇರುವ ಇಕೋ ಸಾಲ್ವೆಂಟ್ (ಕಡಿಮೆ ಘಾಟಿನ ಸಾಲ್ವೆಂಟ್ ಇಂಕ್ ಬಳಸುವ) ಮೆಷಿನ್‌ಗಳ ಬಗ್ಗೆ: ಡಿಎಕ್ಸ್5, ಎಕ್ಸ್‌ಪಿ600, ಐ3200 ಇಂಥವು. ದೊಡ್ಡ ಸಾಲ್ವೆಂಟ್ ಮೆಷಿನ್‌ಗಳಲ್ಲಿ ಹೆಡ್ ಬೇರೆ, ವೋಲ್ಟೇಜ್ ಬೇರೆ. ಆದರೆ ಚೆಕ್ ಮಾಡುವ ಕ್ರಮ ಹೆಚ್ಚುಕಮ್ಮಿ ಇದೇ.

ನಿಜವಾಗಿಯೂ ಬೋರ್ಡ್ ತೊಂದರೆನಾ?

ಮೊದಲು ಒಂದು ನಾಝಲ್ ಚೆಕ್ ತೆಗೆಯಿರಿ. ನಾಝಲ್ ಅಂದರೆ ಇಂಕ್ ಚಿಮ್ಮುವ ಸಣ್ಣ ತೂತು, ಈ ಪರೀಕ್ಷೆ ಪ್ರಿಂಟ್‌ನಲ್ಲಿ ಒಂದೊಂದು ನಾಝಲ್ ಒಂದೊಂದು ಗೆರೆ ಹಾಕುತ್ತದೆ. ಡಿಎಕ್ಸ್5 ಹೆಡ್‌ನಲ್ಲಿ 8 ಸಾಲು, ಒಂದೊಂದು ಸಾಲಲ್ಲಿ 180 ನಾಝಲ್ ಇರುತ್ತವೆ. ಅಲ್ಲೊಂದು ಇಲ್ಲೊಂದು ಗೆರೆ ಇಲ್ಲದಿದ್ದರೆ, ದಿನೇ ದಿನೇ ಜಾಸ್ತಿಯಾಗುತ್ತಿದ್ದರೆ, ಕ್ಲೀನಿಂಗ್ ಮಾಡಿದಾಗ ಬೇರೆ ಜಾಗಕ್ಕೆ ಹೋಗುತ್ತಿದ್ದರೆ ಅದು ಇಂಕ್ ಕಟ್ಟಿರುವುದು, ಇಲ್ಲ ಗಾಳಿ ಸೇರಿರುವುದು. ಡ್ಯಾಂಪರ್ (ಹೆಡ್ ಮೇಲಿನ ಸಣ್ಣ ಇಂಕ್ ಡಬ್ಬಿ), ಕ್ಯಾಪಿಂಗ್ (ಹೆಡ್ ಮುಚ್ಚುವ ರಬ್ಬರ್ ಮುಚ್ಚಳ), ಪಂಪ್ ನೋಡಿ. ಬೋರ್ಡ್ ಮುಟ್ಟಬೇಡಿ.

ಒಂದು ಸಾಲೇ ಪೂರ್ತಿ ಒಂದೇ ಕ್ಷಣದಲ್ಲಿ ಹೋಗಿದ್ದರೆ, ಅಥವಾ ಹೆಡ್ ಪೂರ್ತಿ ನಿಂತಿದ್ದರೆ, ಅಥವಾ ಪ್ರಿಂಟ್ ಕೊಡದಿದ್ದರೂ ಒಂದು ಬಣ್ಣ ದಪ್ಪ ಪಟ್ಟಿಯಾಗಿ ಸುರಿಯುತ್ತಿದ್ದರೆ, ಅದು ಕರೆಂಟಿನ ಕಡೆಯ ತೊಂದರೆ. ಆದರೂ ಸಾಲು ಹೋದಾಗ ಆ ಬಣ್ಣದ ಇಂಕ್ ಹೆಡ್‌ಗೆ ಬರುತ್ತಿದೆಯಾ ಅಂತ ಒಮ್ಮೆ ನೋಡಿಬಿಡಿ. ಟ್ಯೂಬ್ ಮಡಚಿಕೊಂಡಿದ್ದರೂ ಸಾಲು ಪೂರ್ತಿ ಹೋಗುತ್ತದೆ. ಅಂಥದ್ದಕ್ಕೆ ಬೋರ್ಡ್ ಬಿಚ್ಚುವುದು ಯಾಕೆ, ಅಲ್ವಾ?

ಇನ್ನೊಂದು ಸುಳಿವು ಬಹಳ ಜನ ಗಮನಿಸುವುದಿಲ್ಲ. ಕ್ಯಾರೇಜ್ (ಹೆಡ್ ಹೊತ್ತು ಓಡಾಡುವ ಭಾಗ) ಎಡಗಡೆ ಇರುವಾಗ ಸರಿಯಾಗಿ ಪ್ರಿಂಟ್ ಬಂದು, ಬಲಗಡೆ ಹೋದಾಗ ಬಣ್ಣ ಬಿಡುತ್ತಿದ್ದರೆ ಅದು ಕೇಬಲ್. ಓಡಾಡುವ ಉದ್ದನೆಯ ಪಟ್ಟಿ ಕೇಬಲ್ ಒಂದೇ ಜಾಗದಲ್ಲಿ ದಿನವಿಡೀ ಬಾಗಿ ಬಾಗಿ ಒಳಗಿನ ತಂತಿ ಸೀಳುತ್ತದೆ. ಬಾಗಿದಾಗ ಬಿಡುತ್ತದೆ, ನೇರವಾದಾಗ ಸೇರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ.

ಕ್ಯಾರೇಜ್ ಧಡ್ ಅಂತ ಸೈಡಿಗೆ ಹೋಗಿ ಗುದ್ದಿದರೆ ಎನ್‌ಕೋಡರ್ ಸ್ಟ್ರಿಪ್ (ಕ್ಯಾರೇಜ್ ಎಲ್ಲಿದೆ ಅಂತ ಮೆಷಿನ್‌ಗೆ ತಿಳಿಸುವ ಗೆರೆಗಳ ಪಟ್ಟಿ) ಕೊಳೆಯಾಗಿರುವ ಸಾಧ್ಯತೆ ಜಾಸ್ತಿ. ಅದನ್ನು ನೂಲು ಬಿಡದ ಬಟ್ಟೆಗೆ ಸ್ವಲ್ಪ ನೀರು ಹಾಕಿ ಒರೆಸಿ. ಸಾಲ್ವೆಂಟ್ ಹಾಕಬೇಡಿ, ಅದರ ಮೇಲಿನ ಸಣ್ಣ ಗೆರೆಗಳು ಅಳಿಸಿಹೋಗಬಹುದು. ಕಂಪ್ಯೂಟರ್‌ನಿಂದ ಡೇಟಾ ನಿಂತು ನಿಂತು ಬಂದರೆ ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ. 5 ಮೀಟರ್ ಮೀರಿದ ಸಾದಾ ಯುಎಸ್‌ಬಿ ಕೇಬಲ್ ಹಾಕಲೇಬಾರದು.

ಬಿಚ್ಚುವ ಮುಂಚೆ

ಮೆಷಿನ್ ಇನ್ನೂ ಆನ್ ಆಗುತ್ತಿದ್ದರೆ ಸೆಟ್ಟಿಂಗ್ ಎಲ್ಲ ಬರೆದುಕೊಳ್ಳಿ. ಫೀಡ್ (ವಿನೈಲ್ ಮುಂದೆ ಸರಿಯುವ ಅಳತೆ), ಬೈಡೈರೆಕ್ಷನ್ (ಹೋಗುವಾಗ, ಬರುವಾಗಿನ ಪ್ರಿಂಟ್ ಹೊಂದಾಣಿಕೆ), ಹೆಡ್ ವೋಲ್ಟೇಜ್, ಹೆಡ್‌ಗಳ ನಡುವಿನ ಅಡ್ಡ ಉದ್ದ ಹೊಂದಾಣಿಕೆ. ಸರ್ವಿಸ್ ರಿಪೋರ್ಟ್ ಪ್ರಿಂಟ್ ಮಾಡುವ ಅವಕಾಶ ಇದ್ದರೆ ಒಂದು ಕಾಪಿ ತೆಗೆದಿಡಿ. ಇಲ್ಲವಾದರೆ ಡಿಸ್‌ಪ್ಲೇಯಲ್ಲಿ ಒಂದೊಂದೇ ಮೆನು ತೆರೆದು ಫೋಟೋ ತೆಗೆಯಿರಿ. ಬೋರ್ಡ್ ಬದಲಾದ ಮೇಲೆ ಈ ಅಂಕಿಗಳಿಲ್ಲದೆ ಅಲೈನ್‌ಮೆಂಟ್ ಮಾಡಲು ಒಂದು ದಿನವೇ ಹೋಗುತ್ತದೆ.

ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಹೀಟರ್‌ಗೆ ಬೇರೆ ಪ್ಲಗ್ ಇದ್ದರೆ ಅದನ್ನೂ ಕೀಳಿ. ಹತ್ತು ನಿಮಿಷ ಬಿಡಿ. ನಮ್ಮ 230 ವೋಲ್ಟ್ ಕರೆಂಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಒಳಗೆ ಡಿಸಿ ಆದಾಗ ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತದೆ. ಪ್ಲಗ್ ಕಿತ್ತ ತಕ್ಷಣ ಅದು ಹೋಗುವುದಿಲ್ಲ. ಪ್ರಾಣಕ್ಕೆ ಅಪಾಯ. ಎಸ್‌ಎಂಪಿಎಸ್ ಡಬ್ಬಿಯನ್ನೇ ತೆರೆಯುವ ಅನುಭವ ಇಲ್ಲದಿದ್ದರೆ ಅದನ್ನು ತೆರೆಯಬೇಡಿ, ಇಡೀ ಡಬ್ಬಿ ಬದಲಿಸಿ. ಮೇನ್‌ಬೋರ್ಡ್ ಮೇಲೂ ದೊಡ್ಡ ಕೆಪಾಸಿಟರ್‌ಗಳಿರುತ್ತವೆ. ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು ಅವುಗಳ ಎರಡು ಕಾಲಿಗೆ ಹಿಡಿದು ಸೊನ್ನೆಯ ಹತ್ತಿರ ಬಂದಿದೆ ಅಂತ ನೋಡಿಕೊಂಡೇ ಕೈ ಹಾಕಿ.

ಒಂದೊಂದು ಕೇಬಲ್ ಕೀಳುವಾಗಲೂ ಪೇಪರ್ ಟೇಪ್ ಅಂಟಿಸಿ ನಂಬರ್ ಬರೆಯಿರಿ, ಫೋಟೋನೂ ತೆಗೆಯಿರಿ. ಪಟ್ಟಿ ಕೇಬಲ್‌ನ ನೀಲಿ ಬದಿ ಯಾವ ಕಡೆ ಇತ್ತು ಅನ್ನುವುದು ಫೋಟೋದಲ್ಲಿ ಕಾಣಬೇಕು. ಕೈಗೆ ಆಂಟಿಸ್ಟ್ಯಾಟಿಕ್ ಪಟ್ಟಿ ಕಟ್ಟಿಕೊಳ್ಳಿ, ಅಥವಾ ಕನಿಷ್ಠ ಪಕ್ಷ ಮೆಷಿನ್‌ನ ಬಣ್ಣ ಹಚ್ಚದ ಕಬ್ಬಿಣದ ಭಾಗ ಮುಟ್ಟಿ ಆಮೇಲೆ ಬೋರ್ಡ್ ಹಿಡಿಯಿರಿ.

ಕಣ್ಣಿಗೆ ಕಾಣುವ ತೊಂದರೆ

ಟಾರ್ಚ್ ಮತ್ತು ಭೂತಗನ್ನಡಿ ಸಾಕು. ಮೊದಲು ಹೆಡ್ ಮೇಲಿನ ಕನೆಕ್ಟರ್ ನೋಡಿ. ಡ್ಯಾಂಪರ್ ಸೀಲ್ ಸ್ವಲ್ಪ ಸಡಿಲವಾಗಿದ್ದರೂ ಇಂಕ್ ನಿಧಾನವಾಗಿ ಕೆಳಗೆ ಇಳಿದು ಕನೆಕ್ಟರ್ ಒಳಗೆ ಸೇರುತ್ತದೆ. ಕೇಬಲ್ ಎಳೆದು ನೋಡಿದರೆ ತುದಿಯಲ್ಲಿ ಒಂದು ಮೆಜೆಂಟಾ ಕಲೆ, ಅದರ ಕೆಳಗೆ ಎರಡು ಮೂರು ಪಿನ್ ಕಪ್ಪಾಗಿರುತ್ತವೆ. ಬಹುತೇಕ ಕಥೆ ಅಲ್ಲೇ ಗೊತ್ತಾಗುತ್ತದೆ. ಹೆಡ್ ಕೇಬಲ್‌ನಲ್ಲಿ ಹೆಡ್ ಓಡಿಸುವ 42 ವೋಲ್ಟ್ ಹೋಗುವ ಪಿನ್ ಪಕ್ಕದಲ್ಲೇ 3.3 ಅಥವಾ 5 ವೋಲ್ಟ್‌ನ ಡೇಟಾ ಪಿನ್‌ಗಳಿರುತ್ತವೆ. ಒಂದು ತೊಟ್ಟು ಇಂಕ್ ಎರಡನ್ನೂ ಸೇರಿಸಿದರೆ 42 ವೋಲ್ಟ್ ಡೇಟಾ ದಾರಿಗೆ ನುಗ್ಗುತ್ತದೆ. ಹೆಡ್ ಒಳಗಿನ ಐಸಿ (ಚಿಪ್) ಮೊದಲು ಹೋಗುತ್ತದೆ, ಅದರ ಹಿಂದೆ ಬೋರ್ಡ್ ಮೇಲಿನದು.

ಹೆಡ್‌ನಿಂದ ಮುಗಿದ ಮೇಲೆ ಕ್ಯಾರೇಜ್ ಬೋರ್ಡ್, ಆಮೇಲೆ ಮೇನ್‌ಬೋರ್ಡ್ ನೋಡಿ. ಮೇಲೆ ಉಬ್ಬಿದ ಕೆಪಾಸಿಟರ್, ಬಿರುಕು ಬಿಟ್ಟ ಅಥವಾ ಸಣ್ಣ ತೂತಾದ ಐಸಿ, ಕಂದು ಬಣ್ಣಕ್ಕೆ ತಿರುಗಿದ ಬೋರ್ಡ್, ಹಸಿರು ಕಿಲುಬು. ಮೂಗಿಗೂ ಕೆಲಸ ಕೊಡಿ, ಸುಟ್ಟ ವಾಸನೆ ದಿನಗಟ್ಟಲೆ ಉಳಿದಿರುತ್ತದೆ. ಪವರ್ ಸಪ್ಲೈ ಡಬ್ಬಿಯ ತೂತುಗಳ ಹತ್ತಿರ ಹಲ್ಲಿ, ಜಿರಳೆ ಸತ್ತು ಬಿದ್ದಿದೆಯಾ ನೋಡಿ. ರಾತ್ರಿ ಬೆಚ್ಚಗಿರುವ ಜಾಗ ಅದೊಂದೇ ಅಂತ ಅವು ಒಳಗೆ ಸೇರುತ್ತವೆ. ಮಳೆಗಾಲದಲ್ಲಿ ಶೀಟ್ ಹಾಕಿದ ಶೆಡ್‌ಗಳಲ್ಲಿ ನೀರು ಸೋರಿ ಬೋರ್ಡ್ ಮೇಲೆ ಬಿಳಿ ಕಲೆ ಆಗಿರುವುದೂ ಉಂಟು.

ಇಂಕ್ ಬಿದ್ದಿದ್ದರೆ 99% ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್‌ನಿಂದ ಉಜ್ಜಿ. ಅಂಗಡಿಯಲ್ಲಿ ಐಪಿಎ ಅಂದರೆ ಕೊಡುತ್ತಾರೆ. ಹೆಡ್ ಕ್ಲೀನ್ ಮಾಡುವ ಸೊಲ್ಯೂಷನ್ನನ್ನೇ ಬೋರ್ಡ್‌ಗೂ ಹಾಕಬೇಡಿ. ಅದು ಬೇಗ ಆರುವುದಿಲ್ಲ, ಕನೆಕ್ಟರ್ ಪ್ಲಾಸ್ಟಿಕ್ಕನ್ನೂ ತಿನ್ನಬಹುದು. ಐಪಿಎ ಹಾಕಿದ ಮೇಲೆ ರಾತ್ರಿಯಿಡೀ ಫ್ಯಾನ್ ಕೆಳಗೆ ಬಿಡಿ. ಕನೆಕ್ಟರ್ ಒಳಗೆ ಉಳಿದ ತೇವ ಕಣ್ಣಿಗೆ ಕಾಣುವುದಿಲ್ಲ.

ಫ್ಯೂಸ್ ಹೇಳುವುದನ್ನು ಕೇಳಿ

ಮೇನ್‌ಬೋರ್ಡ್‌ನಲ್ಲಿ ಹೆಡ್ ಸಪ್ಲೈ ದಾರಿಯಲ್ಲಿ ಸಣ್ಣ ಫ್ಯೂಸ್‌ಗಳಿರುತ್ತವೆ. ಅಕ್ಕಿ ಕಾಳಿನಷ್ಟು ಗಾತ್ರ, ಪಕ್ಕದಲ್ಲಿ ಎಫ್1, ಎಫ್2 ಅಂತ ಬರೆದಿರುತ್ತದೆ. ಮಲ್ಟಿಮೀಟರ್ ಬೀಪ್‌ನಲ್ಲಿಟ್ಟು ಎರಡು ತುದಿಗೆ ಹಿಡಿಯಿರಿ. ಬೀಪ್ ಬಂದರೆ ಸರಿ, ಇಲ್ಲದಿದ್ದರೆ ಫ್ಯೂಸ್ ಹೋಗಿದೆ.

ಇಲ್ಲಿ ಸ್ವಲ್ಪ ನಿಲ್ಲಿ. ಫ್ಯೂಸ್ ಹೋಯಿತು ಅಂದರೆ ಅದು ತನ್ನ ಕೆಲಸ ಮಾಡಿದೆ ಅಂತ ಅರ್ಥ. ಎಲ್ಲೋ ಶಾರ್ಟ್ ಆಗಿದೆ, ಅದಕ್ಕೆ ಅದು ಸುಟ್ಟಿದೆ. ಆ ಶಾರ್ಟ್ ಹುಡುಕದೆ ಫ್ಯೂಸ್ ಹಾಕಿದರೆ ಅದೂ ಸುಡುತ್ತದೆ. ಅದಕ್ಕಿಂತ ಕೆಟ್ಟದ್ದು ಒಂದಿದೆ. ಫ್ಯೂಸ್ ಸಿಗಲಿಲ್ಲ ಅಂತ ಒಂದು ಎಳೆ ತಂತಿ ಬೆಸೆದುಬಿಡುವುದು. ರಿಪೇರಿಗೆ ಬಂದ ಬೋರ್ಡ್‌ಗಳಲ್ಲಿ ಈ ತಂತಿ ನೋಡಿದಾಗ ನಿಜವಾಗಲೂ ಸಂಕಟ ಆಗುತ್ತದೆ. ಆ ತಂತಿ ಇರುವಾಗ ಮುಂದಿನ ಶಾರ್ಟ್‌ಗೆ ಸುಡಲು ಉಳಿದಿರುವುದು ಟ್ರಾನ್ಸಿಸ್ಟರ್, ಬೋರ್ಡ್ ಒಳಗಿನ ತಾಮ್ರದ ದಾರಿ, ಮತ್ತು ಹೆಡ್. ಕೆಲವು ರೂಪಾಯಿಯ ಫ್ಯೂಸ್ ಉಳಿಸಲು ಹೋಗಿ ಬೋರ್ಡೇ ಕಳೆದುಕೊಳ್ಳುತ್ತಾರೆ. ನಿಮ್ಮ ಬೋರ್ಡ್‌ನಲ್ಲಿ ಹಿಂದೆ ಯಾರಾದರೂ ಹೀಗೆ ಮಾಡಿದ್ದರೆ ಇವತ್ತೇ ತೆಗೆಸಿ. ಅಷ್ಟೇ ಆಂಪಿಯರ್‌ನ, ಅಷ್ಟೇ ಬೇಗ ಸುಡುವ ಫ್ಯೂಸ್ ಹಾಕಿಸಿ.

ಶಾರ್ಟ್ ಹುಡುಕುವುದು ಹೀಗೆ. ಹೆಡ್ ಕೇಬಲ್ ಎಲ್ಲ ಕಿತ್ತ ಮೇಲೆ, ಕರೆಂಟ್ ಇಲ್ಲದಾಗ, ಮಲ್ಟಿಮೀಟರ್ ಓಮ್‌ನಲ್ಲಿಟ್ಟು ಫ್ಯೂಸಿನ ಎರಡೂ ತುದಿಯಿಂದ ಬೋರ್ಡ್‌ನ ಗ್ರೌಂಡ್‌ಗೆ ಅಳೆಯಿರಿ. ಒಂದೆರಡು ಓಮ್ ತೋರಿಸಿ ಹಾಗೇ ನಿಂತರೆ ಆ ಕಡೆ ಶಾರ್ಟ್. ಮೊದಲು ಕಡಿಮೆ ತೋರಿಸಿ ಆಮೇಲೆ ಏರುತ್ತಾ ಹೋದರೆ ಅದು ಕೆಪಾಸಿಟರ್ ತುಂಬುತ್ತಿರುವುದು, ಗಾಬರಿ ಬೇಡ. ಹೆಡ್ ಕಡೆಯ ತುದಿಯಲ್ಲಿ ಶಾರ್ಟ್ ಕಂಡರೆ ಮುಂದಿನ ಅನುಮಾನ ಟ್ರಾನ್ಸಿಸ್ಟರ್ ಮೇಲೆ.

ವೋಲ್ಟೇಜ್ ಅಳೆಯುವುದು

ಶಾರ್ಟ್ ಕಾಣದಿದ್ದರೆ ಮಾತ್ರ ಕರೆಂಟ್ ಕೊಟ್ಟು ಅಳೆಯಿರಿ. ಹೆಡ್ ಕೇಬಲ್ ಆಗಲೂ ಹೊರಗೇ ಇರಲಿ. ಎಸ್‌ಎಂಪಿಎಸ್ ಮೇಲೆ ಯಾವ ತಂತಿಯಲ್ಲಿ ಎಷ್ಟು ವೋಲ್ಟ್ ಅಂತ ಬರೆದಿರುತ್ತದೆ: 5, 24, 42 ಇಂಥವು ಸಾಮಾನ್ಯ. ಬರೆದದ್ದಕ್ಕಿಂತ 5% ಆಚೀಚೆ ಇದ್ದರೆ ನಡೆಯುತ್ತದೆ. 42 ಇರಬೇಕಾದ ಕಡೆ 30 ಬಂದರೆ, ಅಥವಾ ಅಂಕಿ ಕುಣಿಯುತ್ತಿದ್ದರೆ, ಎಸ್‌ಎಂಪಿಎಸ್ಸನ್ನು ಬೋರ್ಡ್‌ನಿಂದ ಬೇರೆ ಮಾಡಿ ಮತ್ತೆ ಅಳೆಯಿರಿ. ಬೇರೆ ಮಾಡಿದಾಗ ಸರಿಯಾದರೆ ಬೋರ್ಡ್ ಎಳೆಯುತ್ತಿದೆ, ಅಥವಾ ಲೋಡ್ ತಡೆಯುವ ಶಕ್ತಿ ಸಪ್ಲೈಗೆ ಇಲ್ಲ. ಬೇರೆ ಮಾಡಿದರೂ ತಪ್ಪೇ ಬಂದರೆ ಸಪ್ಲೈ ಹೋಗಿದೆ.

ಬೋರ್ಡ್ ಮೇಲೆ 5 ವೋಲ್ಟ್‌ನಿಂದ 3.3 ಮಾಡುವ ಸಣ್ಣ ರೆಗ್ಯುಲೇಟರ್ ಇರುತ್ತದೆ. ಆನ್ ಮಾಡಿ ಅರ್ಧ ನಿಮಿಷದಲ್ಲಿ ಯಾವುದಾದರೂ ಐಸಿ ಬೆರಳಿಡಲಾಗದಷ್ಟು ಬಿಸಿಯಾದರೆ ತಕ್ಷಣ ಆಫ್ ಮಾಡಿ. ತೊಂದರೆ ಅಲ್ಲೇ ಇದೆ, ಇಲ್ಲ ಅದರಿಂದ ಕರೆಂಟ್ ತೆಗೆದುಕೊಳ್ಳುವ ಐಸಿಯಲ್ಲಿದೆ. ಡಿಸ್‌ಪ್ಲೇ ಬರುತ್ತದೆ, ಮೋಟಾರ್ ಓಡುತ್ತದೆ, ಹೆಡ್ ಮಾತ್ರ ಸುಮ್ಮನಿದೆ ಅಂದರೆ 5, 3.3, 24 ಮಟ್ಟಿಗೆ ಸರಿ ಇವೆ, 42ರ ದಾರಿ ನೋಡಬೇಕು ಅಂತ ಮೊದಲೇ ಊಹಿಸಬಹುದು.

ಟ್ರಾನ್ಸಿಸ್ಟರ್ ಜೋಡಿ

ಮೇನ್‌ಬೋರ್ಡ್‌ನಲ್ಲಿ ಬಿಸಿ ಹೀರುವ ಅಲ್ಯೂಮಿನಿಯಂ ಹೀಟ್‌ಸಿಂಕ್‌ಗೆ ಸ್ಕ್ರೂ ಹಾಕಿ ಕೂರಿಸಿದ ಮೂರು ಕಾಲಿನ (ಬೇಸ್, ಕಲೆಕ್ಟರ್, ಎಮಿಟರ್) ಟ್ರಾನ್ಸಿಸ್ಟರ್‌ಗಳು ಕಾಣುತ್ತವೆ. ಅವು ಜೋಡಿಯಾಗಿ ಕೆಲಸ ಮಾಡುತ್ತವೆ, ಒಂದು ಎನ್‌ಪಿಎನ್, ಇನ್ನೊಂದು ಪಿಎನ್‌ಪಿ. ಎಪ್ಸನ್ ಮಾದರಿಯಲ್ಲಿ ಸಿ6144 ಮತ್ತು ಎ2222 ಜೋಡಿ ಬಹಳ ಸಾಮಾನ್ಯ. ಹಳೆಯ ರೋಲ್ಯಾಂಡ್ ಮೆಷಿನ್‌ಗಳಲ್ಲಿ ಸಿ4131 ಮತ್ತು ಎ1746 ಸಿಗುತ್ತವೆ.

ಇವುಗಳ ಕೆಲಸ ತಿಳಿದರೆ ಚೆಕ್ ಮಾಡುವುದು ಸುಲಭ. ಹೆಡ್ ಒಳಗಿನ, ಕರೆಂಟ್ ಬಂದಾಗ ಆಕಾರ ಬದಲಿಸಿ ಇಂಕ್ ತಳ್ಳುವ ಪೀಜೋ ಹರಳುಗಳಿಗೆ ಏರಿ ಇಳಿಯುವ ಒಂದು ವೋಲ್ಟೇಜ್ ಅಲೆ ಬೇಕು. ಎನ್‌ಪಿಎನ್ ಅದನ್ನು 42ರ ಕಡೆಗೆ ಮೇಲಕ್ಕೆ ಎಳೆಯುತ್ತದೆ, ಪಿಎನ್‌ಪಿ ಗ್ರೌಂಡ್ ಕಡೆಗೆ ಕೆಳಕ್ಕೆ ಎಳೆಯುತ್ತದೆ. ಎರಡರ ಎಮಿಟರ್ ಸೇರುವ ಜಾಗದಿಂದ ಅಲೆ ಹೆಡ್‌ಗೆ ಹೋಗುತ್ತದೆ. ಎನ್‌ಪಿಎನ್ ಶಾರ್ಟ್ ಆದರೆ ಅಲೆಯ ಬದಲು 42 ವೋಲ್ಟ್ ನೇರವಾಗಿ, ಬಿಡುವಿಲ್ಲದೆ, ಹೆಡ್ ಮೇಲೆ ಕೂರುತ್ತದೆ. ಹೊಸ ಹೆಡ್ ಆನ್ ಮಾಡಿದ ಕ್ಷಣ ಸುಡುವುದು ಇದರಿಂದಲೇ. ಒಂದು ಜೋಡಿ ಎಷ್ಟು ಸಾಲುಗಳಿಗೆ ಅಲೆ ಕೊಡುತ್ತದೋ ಅಷ್ಟೂ ಸಾಲು ಒಟ್ಟಿಗೆ ಹೋಗುತ್ತವೆ. ಟ್ರಾನ್ಸಿಸ್ಟರ್‌ನಿಂದ ಒಂದೇ ನಾಝಲ್ ಹೋಗುವುದಿಲ್ಲ.

ಮಲ್ಟಿಮೀಟರ್ ಡಯೋಡ್‌ನಲ್ಲಿಡಿ. ಎನ್‌ಪಿಎನ್‌ಗೆ ಕೆಂಪು ತಂತಿ ಬೇಸ್ ಮೇಲೆ, ಕಪ್ಪು ಎಮಿಟರ್ ಮೇಲೆ. 0.5ರಿಂದ 0.7 ತೋರಿಸಬೇಕು. ಕಪ್ಪನ್ನು ಕಲೆಕ್ಟರ್‌ಗೆ ಹಿಡಿದರೂ ಅಷ್ಟೇ ಬರಬೇಕು. ಪಿಎನ್‌ಪಿಗೆ ತಂತಿ ಉಲ್ಟಾ, ಕಪ್ಪು ಬೇಸ್ ಮೇಲೆ. ಕಲೆಕ್ಟರ್ ಮತ್ತು ಎಮಿಟರ್ ನಡುವೆ ಸೊನ್ನೆ ಬಂದು ಬೀಪ್ ಹೊಡೆದರೆ ಟ್ರಾನ್ಸಿಸ್ಟರ್ ಸತ್ತಿದೆ. ಯಾವ ಕಾಲು ಬೇಸ್ ಅಂತ ಊಹೆ ಮಾಡಬೇಡಿ, ಆ ನಂಬರಿನ ಡೇಟಾಶೀಟ್ (ಕಂಪನಿಯ ವಿವರ ಹಾಳೆ) ಮೊಬೈಲ್‌ನಲ್ಲೇ ತೆಗೆದು ನೋಡಿ.

ಬೋರ್ಡ್‌ನಲ್ಲಿ ಇರುವಾಗಲೇ ಅಳೆದರೆ ಸುತ್ತಲಿನ ಭಾಗಗಳಿಂದ ಅಂಕಿ ಸ್ವಲ್ಪ ಬದಲಾಗುತ್ತದೆ. ಅದಕ್ಕೆ ಒಂದು ಸುಲಭ ದಾರಿ: ಎರಡು ಮೂರು ಜೋಡಿ ಇರುವ ಬೋರ್ಡ್ ಆದರೆ ಎಲ್ಲವನ್ನೂ ಒಂದೇ ಕ್ರಮದಲ್ಲಿ ಅಳೆದು ಬರೆದುಕೊಳ್ಳಿ. ಒಳ್ಳೆಯ ಜೋಡಿಗಳು ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸುತ್ತವೆ, ಕೆಟ್ಟದ್ದು ಮಾತ್ರ ಬೇರೆ ನಿಲ್ಲುತ್ತದೆ. ಅನುಮಾನ ಬಂದದ್ದನ್ನು ಬಿಚ್ಚಿ ಹೊರಗೆ ಅಳೆಯಿರಿ.

ಹೆಡ್ ಮತ್ತು ಕೇಬಲ್

ಬೋರ್ಡ್ ಬಗ್ಗೆ ಗೊತ್ತಾಯಿತು, ಈಗ ಹೆಡ್. ಪಿನ್‌ಗಳ ಕ್ರಮ ಹೆಡ್‌ನಿಂದ ಹೆಡ್‌ಗೆ ಬೇರೆ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ 42 ವೋಲ್ಟ್ ಪಿನ್, ಗ್ರೌಂಡ್ ಪಿನ್, ಅಲೆ ಬರುವ ಪಿನ್ ಯಾವುದು ಅಂತ ನೋಡಿ. ಹೊರಗಿಟ್ಟ ಹೆಡ್‌ನಲ್ಲಿ 42ರ ಪಿನ್‌ನಿಂದ ಗ್ರೌಂಡ್‌ಗೆ ಸೊನ್ನೆಯ ಹತ್ತಿರ ಓಮ್ ಬಂದರೆ ಆ ಹೆಡ್ ಯಾವ ಬೋರ್ಡ್‌ಗೂ ಹಾಕಬಾರದು. ಕೆಲಸ ಮಾಡುವ ಅದೇ ಮಾದರಿ ಹೆಡ್ ಪಕ್ಕದಲ್ಲಿದ್ದರೆ, ಮೆಷಿನ್‌ಗೆ ಹಾಕದೆ ಮೇಜಿನ ಮೇಲೆ ಎರಡನ್ನೂ ಪಿನ್ ಪಿನ್ ಅಳೆದು ಹೋಲಿಸಿ. ಇದು ಎಲ್ಲಕ್ಕಿಂತ ನಂಬಬಹುದಾದ ಚೆಕ್.

ಪಟ್ಟಿ ಕೇಬಲ್‌ನ ಒಂದೊಂದು ದಾರಿಯನ್ನೂ ಬೀಪ್‌ನಲ್ಲಿ ನೋಡಿ. ನೋಡುವಾಗ ಕೇಬಲ್ ಬಾಗಿಸಿ, ಬಿಡಿ. ಪಕ್ಕದ ದಾರಿಗೆ ಬೀಪ್ ಬಾರದಂತೆಯೂ ನೋಡಿಕೊಳ್ಳಿ. ತುದಿಯಲ್ಲಿ ಸುಟ್ಟ ಗುರುತು ಇದ್ದರೆ ಕತ್ತರಿಸಿ ಮತ್ತೆ ಹಾಕುವ ಯೋಚನೆ ಬೇಡ, ಹೊಸದು ಹಾಕಿ. ಹೆಡ್ ಬದಲಿಸುವಾಗ ಕೇಬಲ್ಲನ್ನೂ ಬದಲಿಸಿ ಅಂತಲೇ ನಾನು ಎಲ್ಲರಿಗೂ ಹೇಳುವುದು. ಹೆಡ್ ಬೆಲೆಯ ಮುಂದೆ ಅದು ಏನೂ ಅಲ್ಲ.

ಸಾಮಾನು ತರುವುದು

ಬೆಂಗಳೂರಿನಲ್ಲಿ ಇದಕ್ಕೆಲ್ಲ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳು. ಟೌನ್ ಹಾಲ್‌ನಿಂದಲೂ ಕೆ.ಆರ್. ಮಾರ್ಕೆಟ್‌ನಿಂದಲೂ ನಡೆದು ಹೋಗಬಹುದು. ಗಾಡಿ ತೆಗೆದುಕೊಂಡು ಹೋದರೆ ನಿಲ್ಲಿಸಲು ಜಾಗ ಸಿಗುವುದಿಲ್ಲ, ಮೆಟ್ರೋ ಒಳ್ಳೆಯದು. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಹಳೆಯ ಟ್ರಾನ್ಸಿಸ್ಟರ್ ಕೈಯಲ್ಲೇ ಹಿಡಿದುಕೊಂಡು ಹೋಗಿ.

ಅಲ್ಲಿ ಕೌಂಟರ್‌ನಲ್ಲಿ ನಂಬರ್ ಹೇಳಿದ ತಕ್ಷಣ ಬರುವ ಪ್ರಶ್ನೆ ಒಂದೇ. "ಅಣ್ಣ, ಒರಿಜಿನಲ್ ಬೇಕಾ, ಚೈನಾ ನಡಿಯುತ್ತಾ?" ಒರಿಜಿನಲ್ ಕೇಳಿ, ಆದರೂ ನಂಬಿ ಸುಮ್ಮನಾಗಬೇಡಿ. ಮೇಲೆ ನಂಬರ್ ಉಜ್ಜಿ ಹೊಸದಾಗಿ ಬರೆದ ಟ್ರಾನ್ಸಿಸ್ಟರ್‌ಗಳು ಮಾರುಕಟ್ಟೆಯಲ್ಲಿ ಓಡಾಡುತ್ತವೆ. ನಿಮ್ಮ ಹಳೆಯದರ ಪಕ್ಕ ಇಟ್ಟು ನೋಡಿ: ಅಕ್ಷರದ ಆಕಾರ, ಹಿಂದಿನ ಲೋಹದ ಹೊಳಪು, ಕಾಲಿನ ದಪ್ಪ. ಸಣ್ಣ ಕಾಂಪೊನೆಂಟ್ ಟೆಸ್ಟರ್ ಒಂದು ಇಟ್ಟುಕೊಂಡರೆ ಅಂಗಡಿಯಲ್ಲೇ ಹಾಕಿ ನೋಡಬಹುದು. ಎನ್‌ಪಿಎನ್, ಪಿಎನ್‌ಪಿ ಎರಡನ್ನೂ ತನ್ನಿ, ಒಂದೊಂದು ಜೋಡಿ ಜಾಸ್ತಿಯೇ ತನ್ನಿ. ಕೆಪಾಸಿಟರ್ ಬೇಕಾದರೆ 105 ಡಿಗ್ರಿಯದ್ದು, ಹಳೆಯದರಷ್ಟೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಜಾಸ್ತಿ. ಜೊತೆಗೆ ಒಳ್ಳೆಯ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಸುವ ಪೇಸ್ಟ್), ಸೋಲ್ಡರ್ ವಿಕ್ (ಹಳೆಯ ಬೆಸುಗೆ ಹೀರುವ ತಾಮ್ರದ ಪಟ್ಟಿ), ಐಪಿಎ, ಹೀಟ್‌ಸಿಂಕ್ ಪೇಸ್ಟ್.

ಬಿಚ್ಚಿ ಹಾಕುವುದು

ಜೋಡಿಯಲ್ಲಿ ಒಂದು ಸತ್ತಿದ್ದರೂ ಎರಡನ್ನೂ ಬದಲಿಸಿ. ಉಳಿದದ್ದು ಪೆಟ್ಟು ತಿಂದಿರಬಹುದು, ಬೇಗ ಕೈಕೊಡಬಹುದು. ಹಳೆಯದನ್ನು ಕೀಳುವಾಗ ಎಳೆಯಬೇಡಿ. ಮೊದಲು ಕಾಲುಗಳನ್ನು ಕಟ್ಟರ್‌ನಿಂದ ಕತ್ತರಿಸಿ, ಆಮೇಲೆ ಒಂದೊಂದೇ ಕಾಲಿಗೆ ಬಿಸಿ ಕೊಟ್ಟು ತೆಗೆಯಿರಿ. ಇವು ಒಳಗೆ ಹಲವು ಪದರ ಇರುವ ಬೋರ್ಡ್‌ಗಳು. ಎಳೆದರೆ ತೂತಿನ ಒಳಗಿನ ತಾಮ್ರವೇ ಕಿತ್ತುಬರುತ್ತದೆ, ಆಮೇಲೆ ಅದನ್ನು ಸರಿ ಮಾಡುವುದು ಬಹಳ ಕಷ್ಟ. ಗ್ರೌಂಡ್‌ಗೆ ಸೇರಿದ ಕಾಲು ಬೇಗ ಕರಗುವುದಿಲ್ಲ, ಬೋರ್ಡ್‌ನ ತಾಮ್ರ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸೋಲ್ಡರಿಂಗ್ ಐರನ್ 350 ಡಿಗ್ರಿ ಆಸುಪಾಸು ಇಟ್ಟು, ದಪ್ಪ ತುದಿ ಹಾಕಿ, ಫ್ಲಕ್ಸ್ ಧಾರಾಳವಾಗಿ ಹಚ್ಚಿ. ಸ್ವಲ್ಪ ಹೊಸ 63/37 (ತವರ, ಸೀಸ) ಸೋಲ್ಡರ್ ಸೇರಿಸಿದರೆ ಹಳೆಯದು ಬೇಗ ಕರಗುತ್ತದೆ.

ಟ್ರಾನ್ಸಿಸ್ಟರ್ ಹಿಂದೆ ಮೈಕಾ ಅಥವಾ ಸಿಲಿಕಾನ್ ತುಂಡು ಇತ್ತಾ ನೋಡಿಕೊಳ್ಳಿ. ಇದ್ದರೆ ಅದನ್ನು ಮತ್ತೆ ಹಾಕಲೇಬೇಕು. ಇಲ್ಲವಾದರೆ ಕಲೆಕ್ಟರ್ ಹೀಟ್‌ಸಿಂಕ್ ಮೂಲಕ ಶಾರ್ಟ್ ಆಗುತ್ತದೆ. ಮೊದಲು ಹೀಟ್‌ಸಿಂಕ್‌ಗೆ ಸ್ಕ್ರೂ ಹಾಕಿ ಕೂರಿಸಿ, ಆಮೇಲೆ ಕಾಲು ಬೆಸೆಯಿರಿ. ಉಲ್ಟಾ ಮಾಡಿದರೆ ಸ್ಕ್ರೂ ಬಿಗಿ ಮಾಡುವಾಗ ಬೆಸುಗೆ ಮೇಲೆ ಎಳೆತ ಬಿದ್ದು ಬಿರುಕು ಬಿಡುತ್ತದೆ. ಬೆಸುಗೆ ಮುಗಿದ ಮೇಲೆ ಐಪಿಎ ಹಾಕಿ ಫ್ಲಕ್ಸ್ ಒರೆಸಿ, ಮತ್ತೆ ಎಲ್ಲ ಅಳೆಯಿರಿ. ಆಮೇಲೆ ಮಾತ್ರ ಹೊಸ ಫ್ಯೂಸ್.

ಮೊದಲ ಸಲ ಆನ್ ಮಾಡುವಾಗ

ಆತುರ ಬೇಡ. ಹೆಡ್ ಕೇಬಲ್ ಹೊರಗೇ ಇರಲಿ. ಹೀಟರ್ ಪ್ಲಗ್ ಹಾಕಬೇಡಿ. ಸೀರೀಸ್ ಬಲ್ಬ್ ಬೋರ್ಡ್ ಇದ್ದರೆ 100 ವ್ಯಾಟ್‌ನ ಹಳೆಯ ತಂತಿ ಬಲ್ಬ್ ಹಾಕಿ ಅದರ ಮೂಲಕ ಕರೆಂಟ್ ಕೊಡಿ, ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಇನ್ನೂ ಶಾರ್ಟ್ ಇದೆ, ಆಫ್ ಮಾಡಿ.

ಬಲ್ಬ್ ತೆಗೆದು ನೇರ ಕರೆಂಟ್ ಕೊಟ್ಟ ಮೇಲೆ 42 ಸರಿ ಇದೆಯಾ ಅಳೆಯಿರಿ. ಆಮೇಲೆ ಜೋಡಿಯ ಎಮಿಟರ್ ಸೇರುವ ಜಾಗದಲ್ಲಿ ಅಳೆಯಿರಿ. ಮೆಷಿನ್ ಸುಮ್ಮನಿರುವಾಗ ಅಲ್ಲಿ 42ರ ಹತ್ತಿರವೇ ನಿಂತಿದ್ದರೆ ಹೆಡ್ ಹಾಕಬೇಡಿ, ಟ್ರಾನ್ಸಿಸ್ಟರ್‌ಗೆ ಅಪ್ಪಣೆ ಕೊಡುವ ಹಿಂದಿನ ಐಸಿ ಕೂಡ ಹೋಗಿದೆ ಅಂತ ಅರ್ಥ. ಹೆಡ್ ಇಲ್ಲದೆ ಕೆಲವು ಮೆಷಿನ್ ತಾಪಮಾನದ ಎರರ್ ತೋರಿಸುತ್ತವೆ, ಅದು ಸಹಜ. ಹತ್ತು ಹದಿನೈದು ನಿಮಿಷ ಹಾಗೇ ಆನ್ ಇಟ್ಟು ಟ್ರಾನ್ಸಿಸ್ಟರ್ ಬಿಸಿಯಾಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಮತ್ತೆ ಆಫ್, ಪ್ಲಗ್ ಹೊರಗೆ, ಕೆಪಾಸಿಟರ್ ಖಾಲಿಯಾಗುವ ತನಕ ಕಾಯಿರಿ. ಈಗ ಚೆಕ್ ಮಾಡಿದ ಹೆಡ್, ಹೊಸ ಕೇಬಲ್. ಪಟ್ಟಿ ಕೇಬಲ್ ಕೂದಲೆಳೆಯಷ್ಟೂ ಓರೆಯಾಗದೆ ನೇರವಾಗಿ ಕೂರಬೇಕು. ಟಾರ್ಚ್ ಹಿಡಿದು ಎರಡೂ ಮೂಲೆ ಒಂದೇ ಮಟ್ಟದಲ್ಲಿದೆಯಾ ನೋಡಿ. ಎರಡು ಹೆಡ್ ಇರುವ ಮೆಷಿನ್ ಆದರೆ ಮೊದಲು ಒಂದನ್ನೇ ಹಾಕಿ ನಾಝಲ್ ಚೆಕ್ ತೆಗೆಯಿರಿ. ಹಳೆಯ, ಅರ್ಧ ನಾಝಲ್ ಹೋದ, ಆದರೆ ಶಾರ್ಟ್ ಇಲ್ಲದ ಹೆಡ್ ಒಂದು ಅಂಗಡಿಯಲ್ಲಿ ಇಟ್ಟುಕೊಂಡಿದ್ದರೆ ಮೊದಲ ಪರೀಕ್ಷೆಗೆ ಅದು ಚಿನ್ನ. ಹಾಳಾಯಿತು ಅಂತ ಎಸೆಯಬೇಡಿ.

ಮತ್ತೆ ಹೋಗದಂತೆ

ಹೆಡ್‌ಗಳು ಸಾಯುವುದು ಹೆಚ್ಚಾಗಿ ಮೆಷಿನ್ ಆನ್ ಇರುವಾಗ ಸಿರಿಂಜ್‌ನಲ್ಲಿ ಸೊಲ್ಯೂಷನ್ ಹಾಕಿ ಕ್ಲೀನ್ ಮಾಡುವಾಗ. ರಾಜ್ಯೋತ್ಸವ, ಗಣೇಶ ಹಬ್ಬದ ಸೀಸನ್‌ನಲ್ಲಿ ಆರ್ಡರ್ ತಲೆ ಮೇಲೆ ಕೂತಿರುತ್ತದೆ, ಎರಡು ನಿಮಿಷ ಉಳಿಸಲು ಆಫ್ ಮಾಡುವುದಿಲ್ಲ. ದಯವಿಟ್ಟು ಆಫ್ ಮಾಡಿ, ಕೇಬಲ್ ಕಿತ್ತು, ಕನೆಕ್ಟರ್ ಮೇಲೆ ಟಿಶ್ಯೂ ಮುಚ್ಚಿ, ಆಮೇಲೆ ಸಿರಿಂಜ್ ಹಿಡಿಯಿರಿ. ಕೆಲಸಕ್ಕಿರುವ ಹುಡುಗರಿಗೂ ಇದನ್ನೇ ಕಲಿಸಿ.

ಇನ್ನೊಂದು ವಿಷಯ ಅರ್ತಿಂಗ್. ಬಾಡಿಗೆ ಅಂಗಡಿಗಳಲ್ಲಿ ಮೂರು ಪಿನ್ ಸಾಕೆಟ್ ಇರುತ್ತದೆ, ಮೂರನೇ ಪಿನ್‌ಗೆ ತಂತಿಯೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಸಿ. 2–3 ವೋಲ್ಟ್ ಒಳಗಿರಬೇಕು, ಜಾಸ್ತಿ ಇದ್ದರೆ ಅರ್ತಿಂಗ್ ಗುಂಡಿ ಸರಿಮಾಡಿಸಿ. ಕಂಪ್ಯೂಟರ್ ಮತ್ತು ಪ್ರಿಂಟರ್ ಎರಡೂ ಒಂದೇ ಅರ್ತ್‌ನಲ್ಲಿರಬೇಕು. ಬೇರೆ ಬೇರೆ ಆದರೆ ಆ ವ್ಯತ್ಯಾಸ ಯುಎಸ್‌ಬಿ ಕೇಬಲ್ ಮೂಲಕ ಹರಿದು ಬೋರ್ಡ್‌ನ ಪೋರ್ಟ್ ಸುಡುತ್ತದೆ. ಕರೆಂಟ್ ಹೋಗಿ ಬರುವಾಗಿನ ಏಟು ತಡೆಯಲು ಬೋರ್ಡ್ ಭಾಗಕ್ಕಾದರೂ ಆನ್‌ಲೈನ್ ಯುಪಿಎಸ್ (ಸದಾ ತನ್ನ ಇನ್ವರ್ಟರ್ ಮೂಲಕವೇ ಕರೆಂಟ್ ಕೊಡುವಂಥದ್ದು) ಹಾಕಿ, ಹೀಟರ್ ಅದಕ್ಕೆ ಬೇಡ. ಜನವರಿಯಿಂದ ಮಾರ್ಚ್ ತನಕ ನಮ್ಮೂರ ಗಾಳಿ ಒಣಗಿರುತ್ತದೆ. ವಿನೈಲ್ ರೋಲ್ ಬಿಚ್ಚುವಾಗ ಕೈಗೆ ಚುರ್ ಅಂತ ಹೊಡೆಯುತ್ತದಲ್ಲ, ಆ ಸ್ಟ್ಯಾಟಿಕ್ ಹೆಡ್‌ಗೂ ಹೊಡೆಯುತ್ತದೆ. ಆ ತಿಂಗಳುಗಳಲ್ಲಿ ರೂಮಿನ ತೇವಾಂಶ 40–60% ಇರುವಂತೆ ನೋಡಿಕೊಳ್ಳಿ.

ಯಾವಾಗ ಬಿಡಬೇಕು

ಬೋರ್ಡ್ ಒಳಪದರ ಕಪ್ಪಾಗಿ ಸುಟ್ಟಿದ್ದರೆ, ಅಥವಾ ಕೆಳಗೆ ಗುಂಡು ಗುಂಡು ಬೆಸುಗೆ ಇರುವ ದೊಡ್ಡ ಚೌಕದ ಐಸಿ ಹೋಗಿದ್ದರೆ ಮನೆಯಲ್ಲಿ, ಅಂಗಡಿಯಲ್ಲಿ ಮಾಡುವ ಕೆಲಸ ಅಲ್ಲ. ಆ ಐಸಿಯಲ್ಲಿ ಕಂಪನಿ ಬರೆದ ಪ್ರೋಗ್ರಾಂ ಇರಬಹುದು, ಖಾಲಿ ಐಸಿ ತಂದು ಬೆಸೆದರೆ ಓಡುವುದಿಲ್ಲ. ಬೋರ್ಡ್ ಬದಲಿಸಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಬೋರ್ಡ್ ನಂಬರಿನ ಕೊನೆಯ ಅಕ್ಷರದ ತನಕ ಹೊಂದಬೇಕು, ಮೇಲೆ ಹೇಳಿದ ಫ್ಯೂಸ್, ಟ್ರಾನ್ಸಿಸ್ಟರ್ ಚೆಕ್ ಎಲ್ಲವನ್ನೂ ಅದರ ಮೇಲೂ ಮಾಡಿ, ದುಡ್ಡು ಕೊಡುವ ಮುಂಚೆಯೇ.

ಸತ್ತ ಬೋರ್ಡನ್ನು ಕಸಕ್ಕೆ ಹಾಕಬೇಡಿ. ಅದರಲ್ಲಿರುವ ಒಳ್ಳೆಯ ಟ್ರಾನ್ಸಿಸ್ಟರ್, ಕನೆಕ್ಟರ್, ಮೋಟಾರ್ ಡ್ರೈವರ್ ಐಸಿ ಬಿಚ್ಚಿ ಹೆಸರು ಬರೆದು ಇಟ್ಟುಕೊಳ್ಳಿ. ಹಳೆಯ ಮಾದರಿಗೆ ಹೊಸ ಸಾಮಾನು ಸಿಗದಾಗ ಇವೇ ಬೇಕಾಗುತ್ತವೆ. ಉಳಿದದ್ದನ್ನು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಡಿ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಅದು ಅಲ್ಲಿಗೇ ಹೋಗಬೇಕು.